ಹುಡುಗನ ಮನೆಯವರೂ ಹುಬ್ಬಳ್ಳಿಯ ಗೆಸ್ಟ್‌ಗಳೂ

ನನ್ನನ್ನು ನೋಡಲು ಬಂದ ಹುಡುಗನ ಅಪ್ಪನ ಹತ್ತಿರ ನಮ್ಮ ಅಪ್ಪ ಆಧಾರ್ ಕಾರ್ಡ್ ಕೇಳಿದರು.

ನಗಬೇಡಿ. ಕಳೆದ ಭಾನುವಾರ ಕಾಪುವಿನ ನಮ್ಮ ಮನೆಯ ಜಗಲಿಯಲ್ಲೇ ನಡೆದದ್ದು.

ನಮ್ಮ ಮಹಡಿಯಲ್ಲಿ ಒಂದು ರೂಮ್ ಇದೆ. ಅಣ್ಣನಿಗೆಂದು ಕಟ್ಟಿಸಿದ್ದು, ಅವನು ಕಲ್ಯಾಣಪುರದಲ್ಲಿ ಮನೆ ಮಾಡಿದ ಮೇಲೆ ಖಾಲಿ ಬಿದ್ದಿತ್ತು. ಅದಕ್ಕೊಂದು ಗೀಸರ್ ಹಾಕಿಸಿ, ಬೀಚ್ ನೋಡಲು ಬರುವವರಿಗೆ ಬಾಡಿಗೆಗೆ ಕೊಡಲು ನಾನೇ ಶುರು ಮಾಡಿದೆ. ಬುಕಿಂಗ್ ನನ್ನದು, ತಿಂಡಿ ಅಮ್ಮನದು, ಬಂದವರನ್ನು ಬರಮಾಡಿಕೊಳ್ಳುವುದು ಅಪ್ಪನದು.

ಅಪ್ಪ ಮೊದಲೆಲ್ಲ ಬಂದವರ ಹೆಸರು ಕೂಡ ಕೇಳುತ್ತಿರಲಿಲ್ಲ. ಒಮ್ಮೆ ಇಬ್ಬರು ಎಂದು ಬುಕ್ ಮಾಡಿ ಏಳು ಜನ ಬಂದು ಮಲಗಿ ಹೋದರು. ಅವತ್ತು ಚೆನ್ನಾಗಿ ರೇಗಿದ್ದೆ. "ಇನ್ನು ಯಾರೇ ಬರಲಿ, ಆಧಾರ್ ನೋಡದೆ, ರೂಲ್ಸ್ ಹೇಳದೆ, ರಿಜಿಸ್ಟರ್ ತುಂಬಿಸದೆ ಒಳಗೆ ಬಿಡಬೇಡಿ."

ತಪ್ಪು ನನ್ನದೇ...

ಭಾನುವಾರ ಮೂರು ಗಂಟೆಗೆ ಹುಬ್ಬಳ್ಳಿಯಿಂದ ಮೂವರು ಗೆಸ್ಟ್ ಬರುವುದಿತ್ತು. ನಾಲ್ಕೂವರೆಗೆ ಬೆಳ್ಮಣ್‌ನಿಂದ ಹುಡುಗನ ಕಡೆಯವರು, ಸಂಬಂಧ ತಂದ ಮಾವನ ಜೊತೆ. ಇನ್ನೂ ಟೈಮ್ ಇದೆಯಲ್ಲ ಎಂದು ನಾನು ಇಸ್ತ್ರಿಗೆ ಕೊಟ್ಟ ಬೆಡ್‌ಶೀಟ್ ತರಲು ಪೇಟೆಗೆ ಹೋದೆ.

ನಿಜ ಹೇಳುತ್ತೇನೆ, ಮಾವ ನನ್ನ ಫೋನಿಗೆ ಕಳಿಸಿದ ಈ ಹುಡುಗನ ಫೋಟೋ ನನಗೆ ಹಿಡಿಸಿತ್ತು; ಅಪ್ಪ ಅದನ್ನು ಸರಿಯಾಗಿ ನೋಡಿರಲೇ ಇಲ್ಲ. ಆದರೆ ಹಿಂದಿನ ಎರಡು ಸಂಬಂಧ ತಪ್ಪಿದ್ದು ಒಂದೇ ಮಾತಿಗೆ: ಮದುವೆಯಾದ ಮೇಲೆ ಈ ರೂಮಿನ ವ್ಯವಹಾರ ಬೇಡ. ಇದೂ ಹಾಗೇ ಆದರೆ ಎಂಬ ಹೆದರಿಕೆ ಒಳಗೊಳಗೇ.

ಮುಂದಿನದನ್ನು ನನಗೆ ಹೇಳಿದ್ದು ಆ ಹುಡುಗನೇ. ಹೆಸರು ಪ್ರಶಾಂತ.

ಮೂರು ಗಂಟೆಗೆ ಸರಿಯಾಗಿ ನಮ್ಮ ಗೇಟಿನ ಎದುರು ಒಂದು ಕಾರು. ಗಂಡ, ಹೆಂಡತಿ, ಮಗ. ಮಾವನ ಬಸ್ ತಪ್ಪಿತೆಂದು, ಅವರಿಗೆ ಕಾಯದೆ ಬೆಳ್ಮಣ್‌ನವರು ತಾವೇ ಬೇಗ ಹೊರಟು ಬಂದುಬಿಟ್ಟಿದ್ದಾರೆ. ಮೂರು ಗಂಟೆ, ಮೂರು ಜನ... ಅಪ್ಪನಿಗೆ ಅನುಮಾನವೇ ಇಲ್ಲ, ಹುಬ್ಬಳ್ಳಿಯವರೇ.

"ಬನ್ನಿ ಬನ್ನಿ. ನಿಮ್ಮದು ಬುಕ್ ಆಗಿ ಉಂಟು."

"ಬುಕ್ ಆಗಿದೆಯಾ? ನಾವು ಇನ್ನೂ ನೋಡಲೇ ಇಲ್ಲ ಅಲ್ವಾ?" ಎಂದರಂತೆ ಹುಡುಗನ ಅಮ್ಮ.

"ನೋಡುವುದೆಂತ? ಫೋಟೋದಲ್ಲಿ ಉಂಟಲ್ಲ, ಹಾಗೇ ಇರುವುದು. ಮೊನ್ನೆಯಷ್ಟೇ ಪೇಂಟ್ ಕೂಡ ಹೊಡೆಸಿದ್ದೇವೆ."

ಅಪ್ಪ ಗೆಸ್ಟ್‌ಗಳ ಹತ್ತಿರ ಕನ್ನಡದಲ್ಲೇ ಮಾತಾಡುವುದು. ಅವರೂ ಪಾಪ, ತುಳು ಬಿಟ್ಟು ಕನ್ನಡದಲ್ಲೇ ಉತ್ತರ ಕೊಟ್ಟಿದ್ದಾರೆ. ಅಮ್ಮ ಹಿಂದೆ ಅಡುಗೆಕೋಣೆಯಲ್ಲಿ ಗೋಳಿಬಜೆ ಕರಿಯುತ್ತಿದ್ದರು, ಏನೂ ಕೇಳಿಸಿಲ್ಲ.

ಆಮೇಲೆ ಆಧಾರ್. ಪ್ರಶಾಂತನ ಅಪ್ಪ ಬ್ಯಾಂಕಿನಿಂದ ರಿಟೈರ್ ಆದವರು, ಜೀವನವಿಡೀ ಬೇರೆಯವರ ಹತ್ತಿರ ದಾಖಲೆ ಕೇಳಿದವರು. ಶಿಸ್ತಿನ ಮನೆ ಎಂದು ಖುಷಿಯಿಂದಲೇ ಕೊಟ್ಟರಂತೆ. ಅವರ ಕೊನೆಯ ಟ್ರಾನ್ಸ್‌ಫರ್ ಹುಬ್ಬಳ್ಳಿಗೆ. ಕಾರ್ಡಿನಲ್ಲಿ ಇನ್ನೂ ಅಲ್ಲಿಯದೇ ವಿಳಾಸ!

ಅಪ್ಪ ರೂಲ್ಸ್ ಓದಿದರು. ಕುಡಿಯಬಾರದು. ಬೀಚಿನಿಂದ ಬಂದರೆ ಕಾಲು ತೊಳೆಯದೆ ಮೆಟ್ಟಿಲು ಹತ್ತಬಾರದು. ಬೆಳಿಗ್ಗೆ ಹನ್ನೊಂದಕ್ಕೆ ಖಾಲಿ ಮಾಡಬೇಕು. ಮೂವರೂ ತಲೆಯಾಡಿಸಿದ್ದಾರೆ.

ಕೊನೆಗೆ ರಿಜಿಸ್ಟರ್ ಪ್ರಶಾಂತನ ಕೈಗೆ ಬಂತು. ಹೆಸರು, ಫೋನ್ ನಂಬರ್, ಕಾರ್ ನಂಬರ್. ಆಮೇಲೆ ಒಂದು ಕಾಲಂ, "ಬಂದ ಉದ್ದೇಶ".

ಬೇರೆ ಎಂತ ಬರೆಯುವುದೆಂದು ಗೊತ್ತಾಗದೆ ಅವನು ಇದ್ದದ್ದನ್ನೇ ಬರೆದ: ಹುಡುಗಿ ನೋಡಲು.

ನಾನು ಸ್ಕೂಟರ್ ನಿಲ್ಲಿಸುವಾಗ ಅಪ್ಪನ ಸ್ವರ ರಸ್ತೆಯವರೆಗೆ ಕೇಳುತ್ತಿತ್ತು.

"ಇದು ಮರ್ಯಾದೆಯ ಮನೆ! ಇಲ್ಲಿ ಅಂಥದ್ದೆಲ್ಲ ಇಲ್ಲ! ಅಪ್ಪ ಅಮ್ಮನನ್ನು ಕೂಡ ಕಟ್ಟಿಕೊಂಡು ಬಂದು ಇಂಥ ಕೆಲಸವಾ?"

"ಹುಡುಗಿ ನೋಡಲು ಅಪ್ಪ ಅಮ್ಮ ಅಲ್ಲದೆ ಮತ್ತೆ ಯಾರು ಬರುವುದು ಮಾರಾಯ್ರೆ?" ಹುಡುಗನ ಅಮ್ಮನ ಸ್ವರವೂ ಏನು ಕಡಿಮೆ ಇರಲಿಲ್ಲ.

ಬೆವರು ಸುರಿಸಿಕೊಂಡು, ಬೆಡ್‌ಶೀಟಿನ ಗಂಟು ಹೊತ್ತು ನಾನು ಜಗಲಿ ಹತ್ತಿದೆ. ಫೋಟೋದ ಮುಖ ಪೆನ್ನು ಹಿಡಿದು ಕೂತಿದೆ!

"ಅಪ್ಪಾ... ಇವರು ರೂಮಿಗೆ ಬಂದವರಲ್ಲ. ಬೆಳ್ಮಣ್‌ನವರು."

ಅಪ್ಪ ಆಧಾರ್ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಟ್ಟರು. ಹುಡುಗನ ಅಮ್ಮ ಆಗಲೇ ಬ್ಯಾಗ್ ಹೆಗಲಿಗೆ ಹಾಕಿ "ಹೋಗುವ, ಏಳಿ" ಎಂದು ಎದ್ದು ನಿಂತಿದ್ದರು. ಮುಗಿಯಿತು ಎಂದುಕೊಂಡೆ.

ಅಷ್ಟರಲ್ಲಿ ಇನ್ನೊಂದು ಕಾರು. "ರೂಮ್ ಇಲ್ಲೇ ಐತೇನ್ರೀ?" ಎನ್ನುತ್ತ ನಿಜವಾದ ಹುಬ್ಬಳ್ಳಿಯವರು ಇಳಿದರು.

ಅಪ್ಪ ಓಡಿಹೋಗಿ ಕೈಮುಗಿದರು. "ಇಲ್ಲೇ, ಇಲ್ಲೇ. ಎಂತ ಕಾರ್ಡೂ ಬೇಡ, ಒಳಗೆ ಬನ್ನಿ!"

ಅಮ್ಮ ಗೋಳಿಬಜೆಯ ತಟ್ಟೆ ಹಿಡಿದು ಹೊರಗೆ ಬಂದವರು, ಯಾರಿಗೆ ಕೊಡುವುದೆಂದು ತಿಳಿಯದೆ ಎಲ್ಲರಿಗೂ ಕೊಟ್ಟರು. ಹುಬ್ಬಳ್ಳಿಯ ಅಕ್ಕ ಒಂದು ಬಾಯಿಗೆ ಹಾಕಿಕೊಂಡು ಸುತ್ತ ನೋಡಿ, "ಕನ್ಯಾ ನೋಡಾಕ ಬಂದೀರೇನ್ರೀ? ಚೊಲೋ ಆತು ಬಿಡ್ರಿ!" ಎಂದರು.

ಹುಬ್ಬಳ್ಳಿಯ ಆ ಮಾತು ಕಿವಿಗೆ ಬಿದ್ದದ್ದೇ ಹುಡುಗನ ಅಮ್ಮನ ಮುಖ ಸಡಿಲವಾಯಿತು. "ನೀವು ಹುಬ್ಬಳ್ಳಿಯಲ್ಲಿ ಎಲ್ಲಿ? ನಾವು ಆರು ವರ್ಷ ಇದ್ದೆವು ಅಲ್ಲಿ." ಹೆಗಲಿನ ಬ್ಯಾಗ್ ಕೆಳಗೆ ಬಂತು. ಮುಂದಿನ ಒಂದು ಗಂಟೆ ಅವರಿಬ್ಬರದೇ ಮಾತು, ನಮ್ಮನ್ನು ಕೇಳುವವರೇ ಇಲ್ಲ.

ಸಿಕ್ಕಿದ್ದೇ ಚಾನ್ಸ್ ಎಂದು ನಾನು ಬೆಡ್‌ಶೀಟ್ ಹಾಸಲು ಮೇಲೆ ಹೋದೆ. ಪ್ರಶಾಂತನೂ ಬಂದ. ನಾನು ಹೇಳದೇ ಇದ್ದರೂ ಇನ್ನೊಂದು ತುದಿ ಹಿಡಿದ.

"ಮದುವೆ ಆದ ಮೇಲೆ ಇದನ್ನೆಲ್ಲ ಯಾರು ನೋಡಿಕೊಳ್ಳುವುದು?"

ಬಂತಲ್ಲ ಅದೇ ಪ್ರಶ್ನೆ! ಆದರೂ ಹೇಳಿದೆ, "ನಾನೇ."

"ಅದಕ್ಕೇ ಕೇಳಿದ್ದು. ಬೆಳ್ಮಣ್‌ನಿಂದ ಬಸ್ ನಂಬಿದರೆ ಆಗಲಿಕ್ಕಿಲ್ಲ. ಸ್ಕೂಟರೇ ಒಳ್ಳೆಯದು."

ನಾನು ದಿಂಬಿನ ಕವರ್ ಹುಡುಕುವ ನೆಪದಲ್ಲಿ ಆಚೆ ತಿರುಗಿದೆ.

ಅವರು ಹೋದ ಮೇಲೆ ಮೂರು ದಿನ ಫೋನಿಲ್ಲ. ಅಪ್ಪ ಸರಿಯಾಗಿ ಊಟವೂ ಮಾಡಲಿಲ್ಲ. ನನ್ನ ಮುಖ ನೋಡಿದರೆ ಬೇರೆ ಕಡೆ ನೋಡುತ್ತಿದ್ದರು.

ನಿನ್ನೆ ಸಂಜೆ ಹುಡುಗನ ಅಮ್ಮನದೇ ಕಾಲ್. "ನಿಮ್ಮ ಮೇಲಿನ ರೂಮ್ ಶನಿವಾರ ಖಾಲಿ ಉಂಟಾ? ನನ್ನ ತಂಗಿಯಂದಿರು ಸಮುದ್ರವನ್ನೂ ನೋಡಬೇಕು, ನನ್ನ ಸೊಸೆಯನ್ನೂ ನೋಡಬೇಕು ಅಂತ ಕೂತಿದ್ದಾರೆ."

ಸೊಸೆ!

ಶನಿವಾರದ ರೂಮ್ ಬ್ಲಾಕ್ ಮಾಡಿ ಆಯ್ತು. ಈಗ ಅನುಭವ ಇದ್ದವರು ಹೇಳಿ... ಅತ್ತೆ ಆಗುವವರ ಹತ್ತಿರ ಬಾಡಿಗೆ ತೆಗೆದುಕೊಳ್ಳಬಹುದಾ?