ಹಲ್ಲು ಮೇಸ್ತ್ರಿ ಗೆದ್ದ ಕಪ್

ಗೆಳೆಯರ ಬಾಯಲ್ಲಿ ಅವನು ಹಲ್ಲು ಮೇಸ್ತ್ರಿ. ದಂತವೈದ್ಯನೇನಲ್ಲ, ವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ತಕ್ಕ ಕಟ್ಟುಹಲ್ಲು ಮಾಡಿಕೊಡುವುದು ಅವನ ಕಸುಬು. ಮನೆಯ ಹಿಂಬದಿಯ ಕೋಣೆಯಲ್ಲಿ, ಕಿಟಕಿಗೆ ಒತ್ತಿಕೊಂಡ ಮೇಜಿನ ಮುಂದೆ ಕೂತು, ಮೂವತ್ತೊಂದು ವರ್ಷ ಊರವರ ಹಲ್ಲುಗಳನ್ನು ಉಜ್ಜಿ ನಯ ಮಾಡಿದ್ದ. ಎಲ್ಲಾದರೂ ಯಾರಾದರೂ ಬಾಯಿ ತುಂಬ ನಕ್ಕರೆ ಹೆಂಡತಿಯ ಕಿವಿಗೆ ಬಾಗಿ, "ಮೇಲಿನ ಸಾಲು ನಂದು," ಅನ್ನುವುದು ಅವನ ಹಳೆಯ ತಮಾಷೆ.

ಭಾನುವಾರ ಬೆಳಿಗ್ಗೆ ಮಾತ್ರ ಆ ಮೇಜು ಖಾಲಿ. ಅವನೂ ಸೇರಿ ಹದಿನಾರು ಜನ ಗೆಳೆಯರದು ಒಂದು ಗಾಲ್ಫ್ ಕ್ಲಬ್ಬು. ಕ್ಲಬ್ಬು ಅಂದರೆ ದೊಡ್ಡ ಕಟ್ಟಡ, ಬಿಳಿ ಸಮವಸ್ತ್ರದವರು ಅಂತೆಲ್ಲ ಏನಿಲ್ಲ. ನಗರಸಭೆಯ ಒಂಬತ್ತು ಕುಳಿಗಳ ಮೈದಾನ, ಹುಲ್ಲು ಕತ್ತರಿಸುವ ಯಂತ್ರ ಇಡುವ ಶೆಡ್ಡಿನ ಪಕ್ಕಕ್ಕೆ ಒಂದು ಕೋಣೆ, ಅದರಲ್ಲಿ ಕಾಲು ಸರಿಯಿಲ್ಲದ ಪ್ಲಾಸ್ಟಿಕ್ ಕುರ್ಚಿಗಳು. ಆಡುವ ಕೋಲುಗಳು ಬಹುಪಾಲು ಇನ್ನೊಬ್ಬರು ಆಡಿ ಬಿಟ್ಟವು. ಒಬ್ಬ ಬಸ್ ಡ್ರೈವರ್, ಒಬ್ಬ ಫೋಟೋ ಸ್ಟುಡಿಯೋದವನು, ಇಬ್ಬರು ಅಂಚೆ ಕಚೇರಿಯವರು, ಹೀಗೆ.

ಈ ಕ್ಲಬ್ಬನ್ನು ಕಟ್ಟಿದವನು ಅಳತೆ ಮತ್ತು ತೂಕದ ಇಲಾಖೆಯ ಇನ್‌ಸ್ಪೆಕ್ಟರ್. ಅಂಗಡಿ ಅಂಗಡಿಗೆ ಹೋಗಿ ತೂಕದ ಬಟ್ಟು ಪರೀಕ್ಷಿಸುವ ಮನುಷ್ಯ. ಗೆಳೆಯರು ಅವನಿಗೆ ಇಟ್ಟ ಹೆಸರು ತಕ್ಕಡಿ. ಕುಳಿಯಿಂದ ಗೇಣುದ್ದ ದೂರದಲ್ಲಿ ಚೆಂಡು ನಿಂತಿದ್ದರೂ, "ಬಿಡು, ಅದು ಬಿದ್ದ ಹಾಗೇ," ಅನ್ನುವ ಮಾತು ಅವನ ಬಾಯಿಂದ ಬಂದದ್ದಿಲ್ಲ. "ಬಿದ್ದ ಹಾಗೆ ಬೇರೆ, ಬಿದ್ದದ್ದು ಬೇರೆ. ಹೊಡಿ," ಅನ್ನುತ್ತಿದ್ದ. ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಬೂಟಿನ ದಾರ ಕಟ್ಟಲು ಬಗ್ಗಿದವನು ಮೇಲೇಳಲಿಲ್ಲ. ಅವನ ನೆನಪಿಗೆ ವರ್ಷಕ್ಕೊಮ್ಮೆ ಒಂದು ಪಂದ್ಯ, ಗೆದ್ದವನಿಗೆ ಅವನ ಹೆಂಡತಿಯ ಕೈಯಿಂದ ಒಂದು ಕಪ್. ಗೆದ್ದವನ ಹೆಸರನ್ನು ಕಪ್ಪಿನ ಮೇಲೆ ಕೆತ್ತಿಸುತ್ತಾರೆ, ವರ್ಷವಿಡೀ ಅದು ಅವನ ಮನೆಯಲ್ಲಿರುತ್ತದೆ. ಹಲ್ಲು ಮೇಸ್ತ್ರಿಗೆ ಒಮ್ಮೆಯೂ ದಕ್ಕಿರಲಿಲ್ಲ.

ಈ ವರ್ಷ ಅವನಿಗೆ ಅದರ ಆಸೆಯೂ ಇರಲಿಲ್ಲ. ಎಂಟು ತಿಂಗಳ ಹಿಂದೆ ಅವನು ಮಾಡಿಕೊಟ್ಟ ಒಂದು ಜೊತೆ ಹಲ್ಲು ವಾಪಸು ಬಂದಿತ್ತು. ಕೋರೆಹಲ್ಲು ಸೊಟ್ಟಗಿದೆ ಎಂದು ವೈದ್ಯರು ಚೀಟಿ ಬರೆದಿದ್ದರು. ಅವನು ಹಲ್ಲನ್ನು ಬೆಳಕಿಗೆ ಹಿಡಿದು ನೋಡಿದ. ನೆಟ್ಟಗೆ ನೋಡಿದರೆ ಹಲ್ಲೇ ಇಲ್ಲ. ಆ ಜಾಗದಲ್ಲಿ ಬೂದಿ ಬಣ್ಣದ ಒಂದು ಕಲೆ. ದೃಷ್ಟಿ ಪಕ್ಕಕ್ಕೆ ಸರಿಸಿದರೆ ಕಲೆಯೂ ಸರಿದು ಹಲ್ಲು ಅಂಚಿನಲ್ಲಿ ಮೂಡುತ್ತಿತ್ತು.

"ಕಣ್ಣಿನ ಒಳಪರದೆ ನಡುವೆ ಸವೆಯುತ್ತಾ ಇದೆ," ಎಂದರು ಕಣ್ಣಿನ ಡಾಕ್ಟರು. "ಅಂಚು ಉಳಿಯುತ್ತೆ. ನಡು ಹೋಗುತ್ತೆ."

"ಔಷಧಿ?"

"ನಿಮಗೆ ಬಂದಿರೋ ಬಗೆಗೆ ಇಲ್ಲ."

ಡಾಕ್ಟರು ಒಳ್ಳೆಯವರು, ಎದ್ದು ಬಾಗಿಲವರೆಗೆ ಬಂದು ಭುಜ ತಟ್ಟಿದರು. ಅಷ್ಟರಲ್ಲೇ ಅವನಿಗೆ ಗೊತ್ತಾಯಿತು, ಇವರ ಕೈಯಲ್ಲೂ ಏನೂ ಇಲ್ಲ ಎಂದು. ಹೆಂಡತಿಗೆ ಹೇಳಿದ. ಬೇರೆ ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡ. ಭಾನುವಾರಗಳಲ್ಲಿ ಬಸ್ ಡ್ರೈವರ್ ಗೆಳೆಯ ಅವನ ಜೊತೆಗೇ ಇರುತ್ತಿದ್ದ. ಹೊಡೆದ ಚೆಂಡು ಎಲ್ಲಿ ಹೋಯಿತೆಂದು ಅವನೇ ಹೇಳುತ್ತಿದ್ದರಿಂದ ಗುಟ್ಟು ಗುಟ್ಟಾಗಿಯೇ ಇದೆ ಎಂದು ಮೇಸ್ತ್ರಿ ನಂಬಿದ್ದ.

ಪಂದ್ಯದ ದಿನ ಅವನು, ಡ್ರೈವರ್ ಮತ್ತು ಸ್ಟುಡಿಯೋದವನು ಒಂದೇ ತಂಡ. ಎಷ್ಟು ಹೊಡೆತಕ್ಕೆ ಚೆಂಡು ಕುಳಿಗೆ ಬಿತ್ತೆಂದು ಬರೆದುಕೊಳ್ಳುವುದು ಸ್ಟುಡಿಯೋದವನ ಕೆಲಸ. ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು. ಮೊದಲಿನಿಂದಲೇ ಮೇಸ್ತ್ರಿಗೆ ಅದೃಷ್ಟ ಒಲಿದಂತಿತ್ತು. ಕೋಲಿಗೆ ಚೆಂಡು ಓರೆಯಾಗಿ ತಾಗಿತು ಅನ್ನಿಸಿದರೂ ಡ್ರೈವರ್, "ನೆಟ್ಟಗೆ ಹೋಯ್ತು ಕಣೋ, ನಡೀ," ಅನ್ನುತ್ತಿದ್ದ. ಹೋಗಿ ನೋಡಿದರೆ ಹೌದು, ಚೆಂಡು ಬಯಲಲ್ಲೇ ಇದೆ. ಆರು ಕುಳಿ ಮುಗಿಯುವಷ್ಟರಲ್ಲಿ ಅವನ ಹೆಜ್ಜೆ ಹಗುರವಾಗಿತ್ತು. ಕಣ್ಣು ಹೋದರೇನು, ಕೈಗೆ ಇನ್ನೂ ಆಟ ಮರೆತಿಲ್ಲ ಎಂದು ಒಳಗೊಳಗೇ ಉಬ್ಬಿದ.

ಏಳನೆಯ ಕುಳಿಗೆ ಮುಂಚೆ ಒಂದು ನೀರಿನ ಹಳ್ಳ. ಹೊಡೆದ. "ದಾಟ್ತು. ಕುಳಿ ಹತ್ರಾನೇ ಕೂತಿದೆ," ಎಂದು ಹೇಳಿ ಡ್ರೈವರ್ ಬಿರಬಿರನೆ ಮುಂದೆ ನಡೆದ. ಮೇಸ್ತ್ರಿ ಹೋಗಿ, ಎರಡು ಮಾರು ದೂರದಿಂದ ಚೆಂಡನ್ನು ತಳ್ಳಿದ. ಅದು ಟೊಳಕ್ಕೆಂದು ಬಿತ್ತು. ಬಗ್ಗಿ ಕುಳಿಯಿಂದ ಎತ್ತಿಕೊಂಡವನ ಹೆಬ್ಬೆರಳು ಚೆಂಡಿನ ಮೇಲೆ ಸುಮ್ಮನೆ ಆಡಿತು. ಹಾಗೆಯೇ ನಿಂತುಬಿಟ್ಟ.

ಅವನ ಚೆಂಡುಗಳಿಗೆಲ್ಲ ಒಂದು ಗುರುತಿತ್ತು. ಕಟ್ಟುಹಲ್ಲು ಕೊರೆಯುವ ಸಣ್ಣ ಯಂತ್ರದಿಂದ ಒಂದೊಂದರ ಮೇಲೂ ಕೂದಲೆಳೆಯಂಥ ಗೀಟು ಹಾಕಿದ್ದ. ಈ ಚೆಂಡಿನ ಮೇಲೆ ಅದಿಲ್ಲ. ಸುತ್ತ ತಿರುಗಿಸಿ ಸವರಿದ. ಇಲ್ಲವೇ ಇಲ್ಲ. ಅವನದು ಹಳ್ಳದ ತಳದಲ್ಲಿದೆ. ಹಾಗಾದರೆ ನಾಲ್ಕನೆಯದು? ಎರಡನೆಯದು?

ಅಲ್ಲೇ ಕೂಗಾಡಬೇಕು ಅನ್ನಿಸಿತು, ಆದರೆ ಕೂಗಿದರೆ ಕಣ್ಣಿನ ವಿಷಯ ಬಾಯಿಬಿಡಬೇಕು. ಬದಲಿಗೆ, ಸೋತು ತೋರಿಸುತ್ತೇನೆ ಎಂದುಕೊಂಡ. ಎಂಟನೆಯದರಲ್ಲಿ ಬೇಕೆಂದೇ ಬಲಗಡೆಯ ಪೊದೆಗೆ ಗುರಿಯಿಟ್ಟು ಬೀಸಿದ. ಎಲೆಗಳು ಸರಕ್ಕೆಂದವು.

"ಮರಕ್ಕೆ ತಾಗಿ ವಾಪಸ್ ಬಂತು ನೋಡು," ಎಂದ ಡ್ರೈವರ್. "ನಿನ್ನ ನಸೀಬೇ ನಸೀಬು."

ಕೊನೆಯದರಲ್ಲಿ ಪ್ರತಿ ಹೊಡೆತವನ್ನೂ ಗಟ್ಟಿಯಾಗಿ ಎಣಿಸಿದ. "ಏಳು," ಎಂದ ಸ್ಟುಡಿಯೋದವನಿಗೆ.

"ಐದು," ಎಂದ ಸ್ಟುಡಿಯೋದವನು, ಬರೆಯುತ್ತಾ.

"ಏಳು ಕಣಯ್ಯಾ. ಹೊಡೆದವನು ನಾನು."

"ನೀನು ಸುಮ್ನೆ ಕೋಲು ಬೀಸಿ ನೋಡಿದ್ದನ್ನೂ ಸೇರಿಸ್ತಾ ಇದ್ದೀಯ. ಬಾ, ಬಿಸಿಲು."

ಸೋಲುವುದಕ್ಕೂ ಅವರು ಅವನನ್ನು ಬಿಡಲಿಲ್ಲ.

ಕೋಣೆಯಲ್ಲಿ ಎಲ್ಲರೂ ಕುರ್ಚಿ ಎಳೆದುಕೊಂಡು ಕೂತರು. ತಕ್ಕಡಿಯ ಹೆಂಡತಿಯನ್ನು ಎಲ್ಲರೂ ಅಕ್ಕ ಅನ್ನುತ್ತಿದ್ದರು. ಅವರು ಕಪ್ಪನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದರು. ಹೆಸರು ಕರೆದಾಗ ಮೇಸ್ತ್ರಿ ಎದ್ದ. ಕಾಲು ಬೇರೆಯವರದೆಂಬಂತೆ ಎತ್ತಿಡುತ್ತಾ ಹೋದ. ಅಕ್ಕ ಮಾತಾಡಿದ್ದು ಸ್ವಲ್ಪವೇ.

"ನಮ್ಮೋರು ಒಂದು ಸಲ ಗೆದ್ದ ಪಂದ್ಯಾನ ಬಿಟ್ಟುಕೊಟ್ಟು ಮನೆಗೆ ಬಂದಿದ್ರು. ಹೊಡೆಯೋಕೆ ಮುಂಚೆ ಕೋಲು ತಾಗಿ ಚೆಂಡು ಅಲುಗಾಡ್ತಂತೆ, ಅದೂ ಒಂದು ಹೊಡೆತದ ಲೆಕ್ಕವಂತೆ, ಯಾರೂ ನೋಡಿರಲಿಲ್ಲವಂತೆ. ನಂಗೆ ಆಗ ಕೋಪ ಬಂದಿತ್ತು. ಯಾರೂ ನೋಡದೆ ಇದ್ದಿದ್ದನ್ನ ನೀವ್ಯಾಕೆ ಹೇಳೋಕೆ ಹೋದ್ರಿ ಅಂತ ಕೇಳಿದ್ದೆ." ಕಪ್ಪನ್ನು ಅವನ ಕೈಗಿಟ್ಟರು. "ತಗೊಳ್ಳಿ. ಸಂತೋಷವಾಗಿ ತಗೊಳ್ಳಿ."

"ಅಕ್ಕಾ, ಒಂದು ಮಾತು," ಎಂದ ಮೇಸ್ತ್ರಿ.

ಅಕ್ಕನ ಮುಖವಿರಬೇಕಾದ ಜಾಗದಲ್ಲಿ ಬೂದಿ ಕಲೆ. ಅಂಚಿನಲ್ಲಿ ಅವರ ಕಿವಿಯೋಲೆ, ಸೆರಗಿನ ತುದಿ, ಅದರಾಚೆ ಕುರ್ಚಿಯ ತುದಿಗೆ ಸರಿದು ಕೂತ ಡ್ರೈವರನ ಮೊಣಕಾಲು. "ಅವನು ಇದ್ದಿದ್ರೆ..." ಎಂದ. ಅಷ್ಟಕ್ಕೇ ತಲೆ ತಗ್ಗಿಸಿದ. ಗೆಳೆಯನ ನೆನಪಾಗಿ ಅಳು ಬಂತೆಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು. ಕಪ್ಪನ್ನು ಹಿಡಿದುಕೊಂಡು ಬೆಪ್ಪನ ಹಾಗೆ ನಿಂತ.

ವಾಪಸು ಬರುವಾಗ ಡ್ರೈವರನ ಕಾರಿನಲ್ಲಿ ಇಬ್ಬರೇ. ಎರಡು ಸಿಗ್ನಲ್ ದಾಟಿದ ಮೇಲೆ ಮೇಸ್ತ್ರಿ ಕೇಳಿದ, "ನನ್ನ ಚೆಂಡು ಎಲ್ಲಿ?"

ಡ್ರೈವರ್ ಕಾರನ್ನು ಪಕ್ಕಕ್ಕೆ ಹಾಕಿದ. ಜೇಬಿನಿಂದ ಎರಡು ಚೆಂಡು ತೆಗೆದು ಅವನ ಅಂಗೈಯಲ್ಲಿಟ್ಟ. "ಇವೆರಡು ಸಿಕ್ಕಿದ್ವು. ಉಳಿದವು ನೀರಲ್ಲೋ ಪೊದೇಲೋ ಇದಾವೆ."

"ತಕ್ಕಡಿ ಹೆಸರಲ್ಲಿ ಹಿಂಗೆ ಮಾಡೋಕೆ ನಿಮಗೆ ಮನಸ್ಸಾದ್ರೂ ಹೆಂಗೆ ಬಂತೋ?"

"ನಿನ್ನ ಹೆಂಡತಿ ಬಂದು ಎಲ್ಲಾ ಹೇಳಿದ್ರು. ಹೇಳಿ ಅತ್ರು." ಎಂದ ಡ್ರೈವರ್. "ಡಾಕ್ಟ್ರ ಕೈಲಾಗಲ್ಲ, ನಿನ್ನ ಕೈಲಾಗಲ್ಲ. ನಾವು ಹದಿನೈದು ಜನ ಕೂತು ಏನು ಮಾಡೋಣ ಹೇಳು? ನಮ್ಮ ಕಣ್ಣು ಕಿತ್ತು ಕೊಡೋಕಾಗುತ್ತಾ? ಇದೊಂದು ಕೈಲಾಯ್ತು, ಮಾಡಿದ್ವಿ. ನಿನಗೆ ಕಣ್ಣು ಕಾಣೋವಾಗ್ಲೇ ನಿನ್ನ ಹೆಸರು ಕಪ್ಪಿನ ಮೇಲೆ ಬರಲಿ ಅಂದಿದ್ದು ಅಕ್ಕ."

"ಅಕ್ಕಾನಾ?"

"ಅಕ್ಕಾನೇ."

ಮೇಸ್ತ್ರಿಗೆ ಬೈಯಲು ಯಾರೂ ಉಳಿಯಲಿಲ್ಲ. ಹೆಂಡತಿಯನ್ನು ಬೈಯೋಣವೆಂದರೆ ಬಾಗಿಲಲ್ಲೇ ಅವಳು ಕಪ್ಪನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಎದೆಗೊತ್ತಿಕೊಂಡಳು.

ವಾರ ಕಳೆದ ಮೇಲೆ ಸ್ಟುಡಿಯೋದವನು ಹೆಸರು ಕೆತ್ತಿಸಿಕೊಂಡು ಬಂದ. ಅವನು ಹೋದ ಮೇಲೆ ಹೆಂಡತಿ ಕಪ್ಪನ್ನು ಕಿಟಕಿಯ ಬೆಳಕಿಗೆ ತಂದಳು. "ಓದ್ರೀ," ಎಂದಳು. ಅವನು ಮುಖ ವಾರೆ ಮಾಡಿದ, ಕಪ್ಪನ್ನು ದೂರ ಹಿಡಿದ, ಹತ್ತಿರ ತಂದ. ಅಕ್ಷರಗಳು ಇರುವೆ ಸಾಲಿನ ಹಾಗೆ ಹರಿದಾಡಿ ಕಲೆಯೊಳಗೆ ಹೋಗಿ ಸೇರಿಕೊಂಡವು. ಎಲ್ಲರೂ ಸೇರಿ ಇಷ್ಟೆಲ್ಲ ಸುಳ್ಳು ಕಟ್ಟಿದ್ದು ಈ ಒಂದು ನೋಟಕ್ಕಾಗಿ. ಅವನಿಗೆ ನಿಜ ಹೇಳಲಾಗಲಿಲ್ಲ.

"ಚೆನ್ನಾಗಿ ಕೆತ್ತಿದಾನೆ," ಎಂದ. "ಒಂದಕ್ಷರಾನೂ ತಪ್ಪಿಲ್ಲ."

ಅವಳು ಕೆತ್ತಿದ ಹೆಸರಿನ ಮೇಲೆ ಸೆರಗಿನ ತುದಿ ಆಡಿಸಿದಳು. ಆಮೇಲೆ, "ಹೂಂ," ಎಂದಳು.

ಎರಡು ದಿನ ಬಿಟ್ಟು ಸ್ಟುಡಿಯೋದವನು ಮತ್ತೆ ಬಂದು ಕಪ್ಪನ್ನು ಕೇಳಿದ. ಹೆಂಡತಿ ಅಂಗಡಿಗೆ ಹೋಗಿದ್ದಳು. "ಯಾಕೋ ಮತ್ತೆ?" ಎಂದು ಮೇಸ್ತ್ರಿ ಕೇಳಿದ.

"ನಿನ್ನ ಹೆಸರಲ್ಲಿ ಒಂದು ಅಕ್ಷರ ಬಿಟ್ಟುಬಿಟ್ಟಿದಾನೆ ಕಣೋ ಆ ಕೆತ್ತೋ ಪುಣ್ಯಾತ್ಮ. ಅವತ್ತೇ ಸಾಯಂಕಾಲ ನಿನ್ನ ಹೆಂಡತಿ ಫೋನ್ ಮಾಡಿ ಹೇಳಿದ್ರು," ಎಂದ ಅವನು, ಏನೂ ಅರಿಯದೆ.

ಮೇಸ್ತ್ರಿ ಕಪ್ಪನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟ. ಬಾಗಿಲು ಹಾಕಿಕೊಂಡು ಒಳಗೆ ಬಂದು ಕೂತ. ಕೈ ಎರಡೂ ಸುಮ್ಮನೆ ತೊಡೆಯ ಮೇಲಿದ್ದವು. ಸಂಜೆ ಹೆಂಡತಿ ಬಂದಳು. ಕೈಕಾಲು ತೊಳೆದು ಬಂದು, ಅವನ ಪಕ್ಕದಲ್ಲಿದ್ದ ಪೇಪರನ್ನು ಎತ್ತಿಕೊಂಡು, ಅವನು ಕೇಳದೆಯೇ, ಮೊದಲ ಪುಟದ ಮೇಲಿನಿಂದ ಗಟ್ಟಿಯಾಗಿ ಓದತೊಡಗಿದಳು.