ದುಲಾರಿಯ ಹಿತ್ತಲ ಮೀನು

ದುಲಾರಿಯ ಬಾಯಿ ಎಂಥದ್ದೆಂದು ಕೂವಾ ಊರಿನ ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಎದುರು ಮನೆಯವಳಾದ ನನ್ನ ಕಿವಿಗಂತೂ ದಿನಾ ಹಬ್ಬ. ಅವಳ ಹಿತ್ತಲಲ್ಲಿ ಹಳೇ ಸ್ನಾನದ ತೊಟ್ಟಿ, ಬಾಗಿಲು ಕಿತ್ತ ಫ್ರಿಜ್ಜು, ನೀಲಿ ಡ್ರಮ್ಮು, ಎಲ್ಲದರಲ್ಲೂ ಗಪ್ಪಿ ಎಂಬ ಪುಟ್ಟ ಮೀನು. ಮನೆಯಲ್ಲಿ ದೊಡ್ಡ ಮೀನು ಸಾಕುವವರು ಅವುಗಳ ಹೊಟ್ಟೆಗೆ ಒಯ್ಯುವುದು ಇವನ್ನೇ. ಯಾರಾದರೂ "ಇವು ಚರಂಡೀಲೂ ಸಿಗುತ್ತಲ್ಲ" ಎಂದರೋ, ಮುಗಿಯಿತು.

"ಹಾಗಾದ್ರೆ ಚರಂಡಿಗೇ ಹೋಗಪ್ಪ, ರೋಗಾನೂ ಪುಕ್ಕಟೆ ಸಿಗುತ್ತೆ! ನನ್ನ ಮೀನು ನನ್ನ ಹಿತ್ತಲಲ್ಲೇ ಹುಟ್ಟಿದ್ದು!"

ಅವಳ ಖಾಯಂ ಗಿರಾಕಿ ಟ್ಯಾಕ್ಸಿ ಓಡಿಸುವ ಕೆಲ್ವಿನ್ ಸೂಕ್ರಾಮ್. ಅವನ ಮನೆ ಮುಂದಿನ ಜಗಲಿಯ ಗಾಜಿನ ತೊಟ್ಟಿಯಲ್ಲಿ ಅಂಗೈ ಮೀರಿ ಬೆಳೆದ ಆಸ್ಕರ್ ಮೀನೊಂದಿತ್ತು, ಹೆಸರು ಸುಲ್ತಾನ. ಹೆಂಡತಿಗಿಂತ ಅದರ ಜೊತೆಗೇ ಅವನ ಮಾತು ಹೆಚ್ಚು.

ದೀಪಾವಳಿಗೆ ಮನೆ ತೊಳೆಯುವುದೆಂದರೆ, ಅಜ್ಜಂದಿರ ಕಾಲದಲ್ಲಿ ಹಡಗೇರಿ ಈ ದ್ವೀಪಕ್ಕೆ ಬಂದ ನಮ್ಮವರಿಗೆ ಹುಚ್ಚು. ದುಲಾರಿ ಹಿತ್ತಲಿಗೆಲ್ಲ ಬ್ಲೀಚು ಸುರಿದು, ಪೈಪು ಹಿಡಿದು ರಭಸವಾಗಿ ನೀರು ಹೊಡೆದಳು. ಎರಚಾಡಿದ್ದು ತೊಟ್ಟಿಗಳಿಗೂ ಬಿತ್ತು. ಸಂಜೆ ನೋಡಿದರೆ ಮೀನುಗಳೆಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿವೆ. ಅಷ್ಟರಲ್ಲಿ ಗೇಟಿನ ಹತ್ತಿರ ಹಾರ್ನು.

"ದೀದಿ, ಸುಲ್ತಾನಂಗೂ ಹಬ್ಬ ಅಲ್ವಾ? ಚೀಲ ತುಂಬ ಹಾಕು!"

ಇಲ್ಲ ಕಣೋ, ಸತ್ತುಹೋದವು ಅನ್ನಲು ಎಷ್ಟು ಹೊತ್ತು ಬೇಕು? ಅಷ್ಟು ದೊಡ್ಡ ಬಾಯಿಯವಳಿಗೆ ಆ ಒಂದು ಮಾತು ಬರಲಿಲ್ಲ. ಬಲೆ ತೆಗೆದುಕೊಂಡು ಹಿತ್ತಲಾಚೆಯ ಚರಂಡಿಗೆ ಇಳಿದಳು. ನೀರು ತುಂಬಿದ ಪ್ಲಾಸ್ಟಿಕ್ ಚೀಲ ಕೊಡುವಾಗ ಅವನ ಮುಖ ನೋಡಲಿಲ್ಲವಂತೆ. ಇದನ್ನೆಲ್ಲ ಆಮೇಲೆ ಅವಳೇ ನನಗೆ ಹೇಳಿದ್ದು.

ಕೆಲವು ದಿನಕ್ಕೆ ಸುಲ್ತಾನನ ಮೈಮೇಲೆ ಹತ್ತಿಯಂಥ ಬಿಳುಪು ಎದ್ದಿತು. ಮೇವು ಬಿಟ್ಟ, ಮಗ್ಗುಲಾದ, ಸತ್ತ. ಕೆಲ್ವಿನ್‌ಗೆ ಬೈಯಲು ಯಾರಾದರೂ ಬೇಕಿತ್ತು. ಸಿಕ್ಕಿದವಳು ಅವನ ಮನೆಯಲ್ಲೇ ಇದ್ದ ಅತ್ತೆ. ಬೀದಿಗೆಲ್ಲ ಅವಳು ನಾನಿ, ಅಂದರೆ ಅಜ್ಜಿ. ದೀಪಾವಳಿಯ ದೀಪ ಹಚ್ಚಿದ ಮೇಲೆ, ಪಾಪ, ಇದಕ್ಕೂ ಪ್ರಸಾದವಿರಲಿ ಎಂದು ಬರ್ಫಿಯ ಚೂರೊಂದನ್ನು ಸುಲ್ತಾನನ ತೊಟ್ಟಿಗೆ ಹಾಕಿದ್ದಳು.

"ನಿಮ್ಮ ಬರ್ಫಿ ತಿಂದೇ ಸತ್ತಿದ್ದು! ಇನ್ಮೇಲೆ ಈ ಮನೇಲಿ ಏನೂ ಮುಟ್ಟಬೇಡಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದ.

ನಮ್ಮ ಜನಕ್ಕೆ ಅಷ್ಟು ಸಾಲದೇ? ಬೀದಿ ಬದಿಯ ಗಾಡಿಯಲ್ಲಿ ಡಬಲ್ಸ್, ಅಂದರೆ ಕಡಲೆ ಪಲ್ಯ ತುಂಬಿದ ಮೆತ್ತನೆ ರೊಟ್ಟಿ, ತಿನ್ನುತ್ತ ನಿಂತವರು, "ನಾನಿ, ನನಗೂ ಒಂದು ಬರ್ಫಿ ಕೊಡು, ಬದುಕು ಸಾಕಾಗಿದೆ!" ಎಂದು ನಗತೊಡಗಿದರು. ನಾನಿ ಜಗಲಿಗೆ ಬರುವುದನ್ನೇ ಬಿಟ್ಟಳು. ಪೆನಾಲ್ ಊರಿನಲ್ಲಿರುವ ತಮ್ಮನ ಮನೆಗೆ ಹೊರಟುಹೋಗುತ್ತೇನೆಂದು ಬಟ್ಟೆ ಗಂಟು ಕಟ್ಟಿಟ್ಟಳು.

ದುಲಾರಿ ನೋಡಲು ಹೋದಾಗ ಮುದುಕಿ ಅವಳ ಕೈ ಹಿಡಿದುಕೊಂಡು ಅತ್ತಳಂತೆ. "ನನ್ನ ಕೈಯಾರೆ ಕೊಂದೆ ಕಣೆ ಬೇಟಿ." ದುಲಾರಿ ಕೈ ಬಿಡಿಸಿಕೊಂಡು ಮನೆಗೆ ಬಂದಳು. ನಾಚಿಕೆಯಿಂದ ಅನ್ನ ಸೇರಲಿಲ್ಲ. ಬೀದಿಯಲ್ಲಿ ತಲೆ ತಗ್ಗಿಸಿ ನಡೆಯುವ ದುಲಾರಿಯನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಜ್ವರವೇನೋ ಅಂದುಕೊಂಡಿದ್ದೆ.

ಮುಚ್ಚಳವಿದ್ದ ಡ್ರಮ್ಮಿನ ತಳದಲ್ಲಿ, ಅವಳಿಗೇ ಗೊತ್ತಿಲ್ಲದೆ ಉಳಿದಿದ್ದ ನಾಲ್ಕಾರು ಗಪ್ಪಿಗಳು ಮತ್ತೆ ಮರಿ ಹಾಕಿದವು. ಕೆಲ್ವಿನ್ ಹೊಸದೊಂದು ಆಸ್ಕರ್ ಮರಿ ತಂದ. ಮೇವಿಗೆಂದು ದುಲಾರಿಯ ಗೇಟಿಗೆ ಬಂದಾಗ ನಾನೂ ಅಲ್ಲೇ ಇದ್ದೆ.

"ದೀದಿ, ನಿನ್ನ ಹಿತ್ತಲ ಮೀನು ಬಿಟ್ಟು ಬೇರೇನೂ ತೊಟ್ಟಿಗೆ ಹಾಕಲ್ಲ. ನಿನ್ನ ಮಾತು ನಂಬಬಹುದು. ಆ ಮುದುಕಿ ನಾಳೆ ಪೆನಾಲ್‌ಗೆ ಹೋಗ್ತಾಳೆ, ಪೀಡೆ ತೊಲಗುತ್ತೆ."

ದುಲಾರಿ ಮೀನಿನ ಚೀಲವನ್ನು ಹಿಂದಕ್ಕೆ ಎಳೆದುಕೊಂಡಳು.

"ಬರ್ಫಿ ಅಲ್ವೋ ಕೆಲ್ವಿನ್. ನಾನು."

"ಏನ್ ನೀನು?"

"ಅವತ್ತು ಕೊಟ್ಟಿದ್ದು ಚರಂಡಿ ಮೀನು. ನನ್ನವೆಲ್ಲ ಬ್ಲೀಚಿಗೆ ಸತ್ತಿದ್ವು. ಹೇಳೋಕೆ ಮಾನ ಅಡ್ಡ ಬಂತು."

ಆಮೇಲಿನ ಬೈಗುಳ ಬರೆಯುವಂಥದ್ದಲ್ಲ. ಬೀದಿಯೆಲ್ಲ ಹೊರಗೆ ಬಂತು, ನಾನಿಯೂ ಜಗಲಿಗೆ ಬಂದಳು. ದುಲಾರಿ ಒಂದಕ್ಕೂ ಎದುರಾಡಲಿಲ್ಲ. ಬೈದಾದ ಮೇಲೂ ಮರಿಗೆ ಮೇವು ಬೇಕೆಂದು ಚೀಲ ಕಸಿಯಲು ಬಂದವನಿಗೆ ಮಾತ್ರ, "ನಿನ್ನ ಕೈಗೆ ಕೊಡಲ್ಲ. ಬೇಕಾದ್ರೆ ನಾನಿ ಬರಲಿ, ಅವರ ಕೈಗೇ ಕೊಡ್ತೀನಿ" ಎಂದಳು.

ನಾನಿ ಪೆನಾಲ್‌ಗೆ ಹೋಗಲಿಲ್ಲ. ಅಳಿಯ ತಪ್ಪಾಯ್ತು ಎಂದನೋ ಇಲ್ಲವೋ, ದೇವರಿಗೇ ಗೊತ್ತು. ಮೇವು ಒಯ್ಯಲು ಈಗ ಬರುವುದು ಅವಳೇ. ಚೀಲವನ್ನು ಬಿಸಿಲಿಗೆ ಎತ್ತಿ ಹಿಡಿದು, ಕನ್ನಡಕ ಸರಿಮಾಡಿಕೊಂಡು ನೋಡುತ್ತಾಳೆ. ಆಮೇಲೆ ನನ್ನ ಮನೆಗೂ ಕೇಳುವಂತೆ, ಅಕ್ಕರೆಯಿಂದಲೇ ಕೇಳುತ್ತಾಳೆ:

"ದುಲಾರಿ ಬೇಟಿ, ಚರಂಡೀದಲ್ಲ ತಾನೇ?"

ದುಲಾರಿ ನೆಲ ನೋಡುತ್ತಾಳೆ. "ಅಲ್ಲ ನಾನಿ. ಮನೇದು."