ನನ್ನ ಶೇಂಗಾದೊಳಗೆ ಕಾಕಾರ ಜೋಳ

ಗುಡಗೇರಿಯ ಎರೆಭೂಮಿಯಲ್ಲಿ ನನ್ನ ಹೊಲಕ್ಕೆ ಹತ್ತಿಕೊಂಡ ಮೇಲಿನ ಹೊಲ, ನಾನು ಕಾಕಾ ಎಂದು ಕರೆಯುತ್ತಿದ್ದ ಹಿರಿಯರೊಬ್ಬರದು. ತಮ್ಮ ಹೊಲಕ್ಕೆ ಇಳಿಯುವಾಗ ಅವರು ಬದುವಿನ ಮೇಲೆ ಚಪ್ಪಲಿ ಬಿಡುತ್ತಿದ್ದರು. ನನ್ನ ಹೊಲದಲ್ಲಿ ಮಾತ್ರ ಮೆಟ್ಟಿಕೊಂಡೇ ಓಡಾಡುತ್ತಿದ್ದರು.

ಆ ವರ್ಷ ಅವರು ಗೋವಿನಜೋಳ ಬಿತ್ತಿದ ನಾಲ್ಕನೇ ದಿನ ಸುರಿದ ಮಳೆ ಮಣ್ಣು, ಬೀಜ ಎಲ್ಲವನ್ನೂ ಎಳೆದು ತಂದು ನನ್ನ ಹೊಲಕ್ಕೆ ಹಾಕಿತು. ವಾರದಲ್ಲಿ ನನ್ನ ಶೇಂಗಾದ ನಡುವೆ ಅವರ ಜೋಳ ಎದ್ದು ನಿಂತಿತು. ಕೀಳಲು ಬಗ್ಗಿದೆ.

“ಕೀಳಬ್ಯಾಡೋ ತಮ್ಮಾ! ಎಲ್ಲಿದ್ರೇನು, ನಾಟೇತಲ್ಲ!” ಎಂದು ಕಾಕಾ ಕೂಗಿದರು.

ಅಂದಿನಿಂದ ನನ್ನ ಬದುವಿನ ಮೇಲೂ ಚಪ್ಪಲಿ ಬಿಟ್ಟು ಬಂದು, ದಿನಾ ಜೋಳದ ಸುತ್ತ ಕಳೆ ತೆಗೆದರು. ಕಳೆಯ ಜೊತೆ ನನ್ನ ಶೇಂಗಾವೂ ಹೋಯಿತು.

ಬೆಳೆಹಾನಿ ಬರೆದುಕೊಳ್ಳಲು ಸಾಹೇಬರೊಬ್ಬರು ಬಂದರು. ಕಾಕಾರ ಬೋಳು ಹೊಲ ನೋಡಿ, “ಪೀಕು ಪೂರಾ ಹೋತೇನ್ರಿ?” ಎಂದರು. ಹೌದೆಂದರೆ ಪರಿಹಾರ ಸಿಗುತ್ತಿತ್ತು. ನಾನು ಕಣ್ಸನ್ನೆ ಮಾಡಿದೆ.

ಕಾಕಾ ಸಿಟ್ಟಿಗೆದ್ದರು. “ಯಾಕ್ ಹೋಗ್ತೈತ್ರಿ? ಅಲ್ಲಿ ನೋಡ್ರಿ, ಅಗದಿ ಛಲೋ ನಾಟೇತಿ!”

ಸಾಹೇಬರು ಹಾನಿಯಿಲ್ಲವೆಂದು ಬರೆದುಕೊಂಡು ನನ್ನ ಹೊಲಕ್ಕೆ ಕಾಲಿಡಹೊರಟರು. ಕಾಕಾ ಅಡ್ಡ ನಿಂತರು.

“ಬೂಟು ಬಿಡ್ರಿ ಸಾಹೇಬ್ರ. ಇದು ನಮ್ಮ ಹೊಲ ಐತ್ರಿ.”